ಉರಿಗಾಂ ಹರಾಜಿನಲ್ಲಿ ಸಿಕ್ಕಿದ ಹತ್ತರಿ
ಬಂಗಾರಪೇಟೆಯಲ್ಲಿ ನನ್ನದೊಂದು ಸಣ್ಣ ಮರಗೆಲಸದ ಅಂಗಡಿ. ಕೆಜಿಎಫ್‌ನ ಉರಿಗಾಂನಲ್ಲಿ ಹಳೇ ಮನೆಯೊಂದರ ಸಾಮಾನು ಹರಾಜಿಗಿದೆ ಅಂತ ಗೆಳೆಯ ಹೇಳಿದ. ಆ ಮನೆಯ ಹಿರಿಯರು ಗಣಿಯ ವರ್ಕ್‌ಶಾಪ್‌ನಲ್ಲಿ ಬಡಗಿಯಾಗಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲೇ ಉಳಿದಿದ್ದರು. ಅವರು ತೀರಿಕೊಂಡ ಮೇಲೆ ಮಕ್ಕಳು ಮನೆ ಖಾಲಿ ಮಾಡುತ್ತಿದ್ದರು.

ಹರಾಜು ಹನ್ನೊಂದಕ್ಕೆ. ನಾನು ಬೆಳಿಗ್ಗೆಯೇ ಮಾರಿಕುಪ್ಪಂ ರೈಲು ಹತ್ತಿ ಉರಿಗಾಂನಲ್ಲಿ ಇಳಿದೆ. ಬೇಗ ಹೋಗೋಕೆ ಕಾರಣ ಇತ್ತು. ಹಿಂದೊಮ್ಮೆ ಕೂಗಿನ ಭರದಲ್ಲಿ ಸರಿಯಾಗಿ ನೋಡದೆ ಒಂದು ಹತ್ತರಿ, ಅಂದರೆ ಮರ ಹೆರೆದು ನುಣುಪು ಮಾಡುವ ಉಪಕರಣ, ತಗೊಂಡಿದ್ದೆ. ಮನೆಗೆ ತಂದು ಒರೆಸಿದಾಗ, ತಳದಲ್ಲಿ ಅಲಗು ಹೊರಬರುವ ಬಾಯಿಯ ಪಕ್ಕ ಕೂದಲೆಳೆಯಷ್ಟು ಬಿರುಕು. ಎರಕದ ಕಬ್ಬಿಣ ಅಲ್ವಾ, ವೆಲ್ಡಿಂಗ್ ಮಾಡಿಸಿದರೆ ತಳ ಸೊಟ್ಟಗಾಗುವ ಭಯ. ಇವತ್ತಿಗೂ ಅದು ಕೆಲಸಕ್ಕೆ ಬಂದಿಲ್ಲ.

ಜಗುಲಿಯಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ಮೇಲೆ ತುಕ್ಕು ಹಿಡಿದ ಅರಗಳು, ಮುರಿದ ಇಕ್ಕಳ. ಅಡಿಯಲ್ಲಿ ಆರು ಉಳಿ, ಅದರ ಕೆಳಗೆ ನೀಲಿ ಬಣ್ಣದ ರೆಕಾರ್ಡ್ ಕಂಪನಿಯ ಹತ್ತರಿ. ಇಂಗ್ಲೆಂಡಿನ ಶೆಫೀಲ್ಡ್‌ನ ಮಾಲು, ಐದನೇ ನಂಬರು, 14 ಇಂಚು ಉದ್ದ. ಟಾರ್ಚ್ ಹಾಕಿ ಮೊದಲು ಬಾಯಿಯ ಸುತ್ತ ನೋಡಿದೆ. ಬಿರುಕಿಲ್ಲ. ಅಲಗು ಬಿಚ್ಚಿ ಹಿಂಬದಿ ಸವರಿದೆ. ತುಕ್ಕು ಮೇಲ್ಮೇಲೇ ಇತ್ತು, ಅಲಗಿನ ಹರಿತವಾದ ಅಂಚಿನ ಹತ್ತಿರ ಗುಳಿ ಬಿದ್ದಿರಲಿಲ್ಲ. ಅಲ್ಲಿ ಗುಳಿಯಿದ್ದರೆ ಎಷ್ಟು ಸಾಣೆ ಹಿಡಿದರೂ ಅಂಚು ಸರಿ ಬರುವುದಿಲ್ಲ. ಅಲಗಿನ ಉದ್ದವೂ ಇನ್ನೂ ಬೇಕಾದಷ್ಟಿತ್ತು. ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗ ಸವೆದು ನುಣುಪಾಗಿತ್ತು. ಅಲ್ಲಿ ಬೆರಳಿಟ್ಟಾಗ ಇದನ್ನು ಬಿಟ್ಟು ಹೋಗಬಾರದು ಅನ್ನಿಸಿತು.

ಎಲ್ಲವನ್ನೂ ಇದ್ದ ಹಾಗೇ ಪೆಟ್ಟಿಗೆಯಲ್ಲಿಟ್ಟೆ. ಚೀಟಿಯಲ್ಲಿ ಮೂರು ಸಾವಿರ ಅಂತ ಬರೆದು ಜೇಬಿಗೆ ಹಾಕಿದೆ, ಅದರಾಚೆ ಒಂದು ರೂಪಾಯಿ ಕೂಗಬಾರದು ಅಂತ.

ಬಂದಿದ್ದವರಲ್ಲಿ ಗುಜರಿಯವರೇ ಜಾಸ್ತಿ. ಅವರು ಪೆಟ್ಟಿಗೆ ಎತ್ತಿ ನೋಡಿ ತೂಕದ ಲೆಕ್ಕ ಹಾಕುತ್ತಾರೆ. ಕಬ್ಬಿಣದ ಕೆಜಿ ರೇಟು ದಾಟಿದರೆ ಸುಮ್ನಾಗುತ್ತಾರೆ. ಆರುನೂರಕ್ಕೆ ಅವರೆಲ್ಲ ನಿಂತರು. ಆಮೇಲೆ ಉಳಿದದ್ದು ನಾನು, ಬೆಂಗಳೂರಿಂದ ಬಂದಿದ್ದ ಒಬ್ಬ ಹುಡುಗ. ಅವನು ಎರಡೂವರೆ ಸಾವಿರ ಅಂದ. ನಾನು ಎರಡು ಸಾವಿರದ ಆರುನೂರು ಅಂದೆ. ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಆಯ್ತು.

ದುಡ್ಡು ಕೊಡುವಾಗ ಆ ಮನೆಯ ಮಗಳು ಕೇಳಿದರು, "ಅಣ್ಣಾ, ಅಪ್ಪನ ಹತ್ರಿ ಗುಜರಿಗೆ ಹೋಗಲ್ಲ ತಾನೆ?"

"ಇಲ್ಲಮ್ಮ, ನಾನೇ ಕೆಲಸಕ್ಕೆ ಇಟ್ಕೋತೀನಿ" ಅಂದೆ.

ಅಲಗನ್ನು ಒಂದು ರಾತ್ರಿ ವಿನಿಗರ್‌ನಲ್ಲಿ ನೆನೆಸಿ, ಉಜ್ಜಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ ಎಣ್ಣೆ ಸವರಿದೆ. ನೀಲಿ ಬಣ್ಣ ಹೋಗಬಾರದು ಅಂತ ಮೈಯನ್ನು ಸೀಮೆಎಣ್ಣೆಯಲ್ಲಷ್ಟೇ ಒರೆಸಿದೆ. ತಳ ಸಮತಟ್ಟಾಗಲಿ ಅಂತ ದಪ್ಪ ಗಾಜಿನ ಮೇಲೆ ಎಮೆರಿ ಕಾಗದ ಹಾಸಿ, ತಳಕ್ಕೆ ಮಾರ್ಕರ್‌ನಿಂದ ಗೆರೆ ಎಳೆದು ಉಜ್ಜಿದೆ. ಮುಂತುದಿ, ಬಾಯಿಯ ಮುಂದೆ, ಹಿಂತುದಿ, ಈ ಮೂರು ಕಡೆ ಗೆರೆ ಅಳಿದರೆ ನನಗೆ ಸಾಕು. ಅಲಗನ್ನು 25 ಡಿಗ್ರಿಗೆ ಸಾಣೆ ಹಿಡಿದು, ತುದಿಗೆ ಮಾತ್ರ 30 ಕೊಟ್ಟೆ.

ಹಲಸಿನ ಹಲಗೆ ಮೇಲೆ ತಳ್ಳಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಸುರುಳಿ ಎದ್ದು ಬಂತು.

ಉಳಿಗಳಿಗೆ ಹೊಸ ಹಿಡಿ ಹಾಕಬೇಕು. ಅದಕ್ಕೆ ಜಾಲಿ ಮರ ನೆರಳಲ್ಲಿ ಒಣಗಲು ಇಟ್ಟಿದ್ದೇನೆ.