ಪುಸ್ತಕ ಮುಚ್ಚಿಟ್ಟು ಓದುವುದು ಹೇಗೆ?

ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಕಲಿಕೆಯ ಹೊರೆಯನ್ನು ಅಳೆಯುವ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ. ತರಗತಿ ಅದರಲ್ಲೊಂದು ಪಾಲು ಮಾತ್ರ. ಉಳಿದ ಹೊತ್ತಿನಲ್ಲಿ ಬಹುಪಾಲು ಸ್ವಂತ ಓದಿನದು. ಅದಕ್ಕೆ ಹಾಜರಿ ಕರೆಯುವವರಿಲ್ಲ. ವಿದ್ಯಾರ್ಥಿಗಳು ಎಡವುವುದೂ ಅಲ್ಲಿಯೇ.

ಮೊದಲು ಪ್ರಶ್ನೆ ಬರೆದುಕೊಳ್ಳಿ. ‘ನಾಲ್ಕನೇ ಅಧ್ಯಾಯ ಮುಗಿಸಬೇಕು’ ಎಂಬುದು ಗುರಿಯಲ್ಲ. ‘ಬೆಲೆ ಏರಿದರೂ ಉಪ್ಪಿನ ಬೇಡಿಕೆ ಹೆಚ್ಚು ಇಳಿಯುವುದಿಲ್ಲ, ಏಕೆ?’ ಎಂದು ಕೇಳಿಕೊಂಡರೆ ಯಾವ ಪುಟದಲ್ಲಿ ನಿಲ್ಲಬೇಕು, ಯಾವುದನ್ನು ದಾಟಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಆಮೇಲೆ ಹತ್ತು ನಿಮಿಷ ಮೇಲ್ನೋಟ: ಉಪಶೀರ್ಷಿಕೆ, ಮೊದಲ ಮತ್ತು ಕೊನೆಯ ಪ್ಯಾರಾ, ಚಿತ್ರ, ಕೋಷ್ಟಕ. ಸಂಶೋಧನಾ ಲೇಖನವಾದರೆ ಸಾರಾಂಶದಿಂದ ನೇರ ತೀರ್ಮಾನಕ್ಕೆ ಹೋಗಿ, ವಿಧಾನದ ಭಾಗಕ್ಕೆ ಕೊನೆಗೆ ಬನ್ನಿ. ನಿಮ್ಮ ಪ್ರಶ್ನೆಗೆ ಸಂಬಂಧಿಸದಿದ್ದರೆ ಪಕ್ಕಕ್ಕಿಡಿ. ಓದಬೇಕಾದ ಪುಸ್ತಕ, ಲೇಖನಗಳ ಪಟ್ಟಿಯಲ್ಲಿರುವುದನ್ನೆಲ್ಲ ಒಂದೇ ಆಳದಲ್ಲಿ ಓದಲು ಹೊರಟವರು ಮೂರನೇ ವಾರಕ್ಕೇ ಹಿಂದೆ ಬೀಳುತ್ತಾರೆ.

ಮುಖ್ಯವಾದ ಹೆಜ್ಜೆ ಮುಂದಿನದು. 25 ನಿಮಿಷ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿರಿ. ಅಡಿಗೆರೆ ಎಳೆಯುತ್ತಾ ಮತ್ತೆ ಮತ್ತೆ ಓದಿದರೆ ಸಾಲುಗಳು ಕಣ್ಣಿಗೆ ಪರಿಚಿತವಾಗುತ್ತವೆ. ಆ ಪರಿಚಯವನ್ನೇ ಕಲಿಕೆ ಎಂದು ಮನಸ್ಸು ನಂಬಿಬಿಡುತ್ತದೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮರು ಓದಿದವರೇ ಮುಂದಿದ್ದರು. ವಾರದ ಬಳಿಕ ಲೆಕ್ಕ ತಿರುಗಿತು: ನೆನಪಿನಿಂದ ಬರೆದವರಿಗೆ ಹೆಚ್ಚು ಉಳಿದಿತ್ತು. ಮೊದಲ ಸಲ ಹಾಳೆ ಅರ್ಧವೂ ತುಂಬದಿದ್ದರೆ ಹೆದರಬೇಡಿ, ಆ ತಡಕಾಟವೇ ಕೆಲಸ ಮಾಡುವುದು.

ಈಗ ಪುಸ್ತಕ ತೆರೆದು ಬೇರೆ ಬಣ್ಣದ ಶಾಯಿಯಲ್ಲಿ ತಿದ್ದಿ. ತಪ್ಪಿದ್ದೆಲ್ಲ ನಾಳಿನ ಪ್ರಶ್ನೆಗಳು. ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಅವಕ್ಕೆ ನೋಡದೆ ಉತ್ತರಿಸಿ.

ಟಿಪ್ಪಣಿ ಮಾಡಿಕೊಳ್ಳುವಾಗ ಪುಟಸಂಖ್ಯೆಯನ್ನು ಆ ಕ್ಷಣವೇ ಬರೆದಿಡಿ. ಲೇಖಕರ ಮಾತನ್ನು ಯಥಾವತ್ತಾಗಿ ಇಳಿಸಿಕೊಂಡಿದ್ದರೆ ಉದ್ಧರಣ ಚಿಹ್ನೆ ಹಾಕಿ. ಹಾಕದಿದ್ದರೆ ಎರಡು ತಿಂಗಳ ನಂತರ ಅದು ನಿಮ್ಮದೇ ವಾಕ್ಯದಂತೆ ಕಾಣುತ್ತದೆ. ಎಷ್ಟೋ ಪ್ರಬಂಧಗಳಿಗೆ ಕೃತಿಚೌರ್ಯದ ಕಳಂಕ ಅಂಟುವುದು ಮೋಸದಿಂದಲ್ಲ, ಇಂಥ ಟಿಪ್ಪಣಿಯಿಂದ.

ಅರ್ಥವಾಗದ ಜಾಗದಲ್ಲಿ 20 ನಿಮಿಷ ಹೆಣಗಿ, ಬೇರೊಂದು ಪುಸ್ತಕದ ವಿವರಣೆ ನೋಡಿ. ಆಗಲೂ ಬಗೆಹರಿಯದಿದ್ದರೆ ಅಧ್ಯಾಪಕರ ಬಳಿ ಹೋಗಿ. ‘ಏನೂ ತಿಳಿಯಲಿಲ್ಲ’ ಎನ್ನುವ ಬದಲು ಪುಟ ತೋರಿಸಿ, ‘ಈ ಸಾಲಿನವರೆಗೆ ಹೀಗೆ ಅರ್ಥವಾಯಿತು, ಇಲ್ಲಿಂದ ಮುಂದಕ್ಕೆ ಹೇಗೆ ಬಂದರು?’ ಎಂದು ಕೇಳಿ.