ಕೌಂಟಿ ಮಂಡಳಿಯ ಸಭೆಯಲ್ಲಿ ಮಾತನಾಡುವುದು ಹೇಗೆ?

ಲಾರೆನ್ಸ್ ಎಕ್ಸ್‌ಪ್ರೆಸ್‌ವೇಯಲ್ಲಿ ಗುಂಡಿ ಬಿದ್ದಿದೆ ಎಂದು ಸನ್ನಿವೇಲ್ ನಗರಾಡಳಿತಕ್ಕೆ ದೂರು ಕೊಟ್ಟು ಕುಳಿತರೆ ಪ್ರಯೋಜನವಿಲ್ಲ. ಆ ರಸ್ತೆ ಊರೊಳಗೇ ಹಾದುಹೋದರೂ ಅದರ ಉಸ್ತುವಾರಿ ಹಲವು ನಗರಗಳನ್ನು ಒಳಗೊಂಡ ಸಾಂಟಾ ಕ್ಲಾರಾ ಕೌಂಟಿಯದು. ಅದಕ್ಕೆ ಅಡ್ಡಲಾಗಿ ಬಂದು ಸೇರುವ ಬೀದಿಯ ಗುಂಡಿ ನಗರದ್ದು. ಮಗುವಿನ ಶಾಲೆಯ ತಕರಾರು ಈ ಎರಡಕ್ಕೂ ಸೇರದೆ, ಶಾಲೆಗಳನ್ನು ನಡೆಸುವ ಪ್ರತ್ಯೇಕ ಸಂಸ್ಥೆಯಾದ ಶಾಲಾ ಜಿಲ್ಲೆಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ನೆಲೆಸಿರುವ ಕನ್ನಡಿಗರು ಕಡಿಮೆಯೇನಿಲ್ಲ. ಅಹವಾಲು ಹೊತ್ತು ಹೊರಡುವವರು ಮೊದಲು ಯಾವ ಬಾಗಿಲು ತಟ್ಟಬೇಕೆಂದು ತಿಳಿದುಕೊಳ್ಳಬೇಕು.

ಜೈಲು, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ), ಸಾರ್ವಜನಿಕ ಆಸ್ಪತ್ರೆ, ಚುನಾವಣೆ, ಆಸ್ತಿಯ ಮೌಲ್ಯಮಾಪನ, ಮದುವೆಯ ಪರವಾನಗಿ, ಯಾವ ನಗರಕ್ಕೂ ಸೇರದ ಜಮೀನಿನ ಬಳಕೆ: ಇವೆಲ್ಲ ಕೌಂಟಿಯ ಪಾಲು. 2020ರ ಮಾರ್ಚ್ 16ರಂದು ಇಲ್ಲಿನವರನ್ನು ಮನೆಯೊಳಗೆ ಕೂರಿಸಿದ ಆದೇಶವೂ ವಾಷಿಂಗ್ಟನ್‌ನಿಂದ ಬಂದದ್ದಲ್ಲ, ಕೌಂಟಿಯ ಆರೋಗ್ಯಾಧಿಕಾರಿ ಹೊರಡಿಸಿದ್ದು. ಕೌಂಟಿ ಎಂದರೆ ನಮಗೆ ಜಿಲ್ಲೆ ನೆನಪಾಗುತ್ತದೆ. ಆದರೆ ಇಲ್ಲಿ ಮೇಲಿನಿಂದ ನಿಯೋಜನೆಗೊಂಡು ಬರುವ ಜಿಲ್ಲಾಧಿಕಾರಿ ಇಲ್ಲ. ನಾಲ್ಕು ವರ್ಷಕ್ಕೆ ಆಯ್ಕೆಯಾಗುವ ಐವರು ಸದಸ್ಯರ ಮೇಲ್ವಿಚಾರಕರ ಮಂಡಳಿಯೇ ಕಾನೂನು ಮಾಡುತ್ತದೆ, ಬಜೆಟ್ ಒಪ್ಪುತ್ತದೆ, ಆಡಳಿತದ ಮುಖ್ಯಾಧಿಕಾರಿಯನ್ನೂ ನೇಮಿಸುತ್ತದೆ. ಸಭೆ ನಡೆಯುವುದು ಸ್ಯಾನ್ ಹೊಸೆಯ ವೆಸ್ಟ್ ಹೆಡಿಂಗ್ ಬೀದಿಯ ಕಚೇರಿಯಲ್ಲಿ, ಸಾಮಾನ್ಯವಾಗಿ ಮಂಗಳವಾರಗಳಲ್ಲಿ.

ಮುಂದಿನ ಕೆಲಸ ಕಾರ್ಯಸೂಚಿಯನ್ನು ಓದುವುದು. ಸ್ಥಳೀಯ ಆಡಳಿತದ ಸಭೆಗಳು ಜನರಿಗೆ ತೆರೆದಿರಬೇಕೆನ್ನುವ, ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆಯ ಪ್ರಕಾರ ಮಾಮೂಲಿ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಸಾರ್ವಜನಿಕರ ಕಣ್ಣಿಗೆ ಬೀಳುವಂತಿರಬೇಕು. ವಿಶೇಷ ಸಭೆಗಾದರೆ 24 ಗಂಟೆ ಸಾಕು. ಹಾಗಾಗಿ ಶನಿವಾರದ ಬೆಳಗಿನ ಕಾಫಿಯ ಜೊತೆ ಅದನ್ನು ತೆರೆಯಿರಿ. ಗಾಬರಿ ಬೇಡ, ಪಟ್ಟಿ ಉದ್ದವೇ ಇರುತ್ತದೆ. ಗದ್ದಲದ ವಿಷಯಗಳನ್ನು ಪತ್ರಿಕೆಗಳು ನೋಡಿಕೊಳ್ಳುತ್ತವೆ, ನೀವು ಕನ್ಸೆಂಟ್ ಕ್ಯಾಲೆಂಡರ್ ಎಂಬ ಭಾಗಕ್ಕೆ ಇಳಿಯಿರಿ. ಚರ್ಚೆ ಬೇಡವೆಂದು ಅಂದಾಜಿಸಿದ ಹತ್ತಾರು ವಿಷಯಗಳನ್ನು ಅಲ್ಲಿ ಒಂದೇ ಕಟ್ಟಾಗಿ ಕಟ್ಟಿ, ಒಂದೇ ಮತದಲ್ಲಿ ಒಪ್ಪಿಬಿಡುತ್ತಾರೆ. ಗುತ್ತಿಗೆಯ ಅವಧಿ ವಿಸ್ತರಣೆ, ಗರಿಷ್ಠ ಮೊತ್ತದ ಏರಿಕೆ, ಸಮಿತಿಗಳ ನೇಮಕಾತಿ, ಅಭಿನಂದನಾ ಪತ್ರ ಎಲ್ಲವೂ ಅದೇ ಕಟ್ಟಿನಲ್ಲಿ. ಹಿಂದೊಮ್ಮೆ ಇನ್ನೊಂದು ಕೌಂಟಿಯ ಸಭೆಯಲ್ಲಿ ನನ್ನ ವಿಷಯ ಈಗ ಬಂದೀತು, ಆಗ ಬಂದೀತು ಎಂದು ಮಧ್ಯಾಹ್ನದವರೆಗೂ ಕಾದಿದ್ದೆ. ಅದು ಬೆಳಿಗ್ಗೆಯೇ, ನಾನು ಕುರ್ಚಿ ಹುಡುಕುತ್ತಿದ್ದ ಹೊತ್ತಿನಲ್ಲಿ, ಕಟ್ಟಿನ ಜೊತೆ ಪಾಸಾಗಿತ್ತು. ತಪ್ಪು ನನ್ನದೇ, ಓದಿರಲಿಲ್ಲ.

ಪ್ರತಿ ವಿಷಯಕ್ಕೂ ಅಧಿಕಾರಿಗಳ ಟಿಪ್ಪಣಿ ಲಗತ್ತಾಗಿರುತ್ತದೆ. ಸಾಂಟಾ ಕ್ಲಾರಾದ ಟಿಪ್ಪಣಿಗಳಿಗೆ ಒಂದು ಸಿದ್ಧ ಅಚ್ಚಿದೆ: ಶಿಫಾರಸು, ಹಣಕಾಸಿನ ಪರಿಣಾಮ, ಕಾರಣ, ಮಕ್ಕಳ ಮೇಲಿನ ಪರಿಣಾಮ, ಹಿರಿಯರ ಮೇಲಿನ ಪರಿಣಾಮ, ಹಿನ್ನೆಲೆ. ಮಕ್ಕಳು ಮತ್ತು ಹಿರಿಯರ ಶೀರ್ಷಿಕೆಯ ಕೆಳಗೆ ಬಹಳಷ್ಟು ಸಲ ಪರಿಣಾಮವೇನೂ ಇಲ್ಲ ಎಂಬ ಒಂದೇ ಸಾಲು ಇರುತ್ತದೆ. ಆ ಸಾಲು ನಿಮಗೆ ಒಪ್ಪಿಗೆಯಾಗದಿದ್ದರೆ ಮಾತಿಗೆ ಅದಕ್ಕಿಂತ ಒಳ್ಳೆಯ ಪೀಠಿಕೆ ಸಿಗಲಾರದು. ಸಮಯವಿಲ್ಲದವರು ಶಿಫಾರಸು ಮತ್ತು ಹಣಕಾಸು ಎರಡನ್ನೇ ಓದಿ. ಕೊನೆಯ ಭಾಗದಲ್ಲಿ, ಮಂಡಳಿ ಒಪ್ಪದಿದ್ದರೆ ಏನಾಗುತ್ತದೆ ಎಂಬುದನ್ನೂ ಅಧಿಕಾರಿಗಳೇ ಬರೆದಿರುತ್ತಾರೆ. ಅಲ್ಲಿ ಬೆದರಿಕೆಯ ದನಿ ಎಷ್ಟಿದೆ ಎಂದು ನೋಡುವುದು ನನ್ನ ಚಪಲ. ವಿಷಯದ ಪಕ್ಕದಲ್ಲಿ 4/5 ಎಂದಿದ್ದರೆ ಅದಕ್ಕೆ ಐವರಲ್ಲಿ ನಾಲ್ವರ ಮತ ಬೇಕು ಎಂದರ್ಥ. ವರ್ಷದ ನಡುವೆ ಬಜೆಟ್ ತಿದ್ದುವಾಗ ಇದು ಕಾಣಿಸುತ್ತದೆ.

ಇನ್ನು ಮಾತು. ವಿಷಯದ ಸಂಖ್ಯೆ ನಮೂದಿಸಿ, ಮಾತನಾಡಲು ಅವಕಾಶ ಕೋರುವ ಚೀಟಿಯನ್ನು ಗುಮಾಸ್ತರಿಗೆ ಕೊಡಬೇಕು. ಸಭೆಯಲ್ಲಿ ಕೂರಲು ಹೆಸರು ಬರೆಸಲೇಬೇಕೆಂಬ ನಿಯಮವಿಲ್ಲ, ಪೌರತ್ವವನ್ನೂ ಯಾರೂ ಕೇಳುವುದಿಲ್ಲ. ಸಮಯವನ್ನು ಅಧ್ಯಕ್ಷರು ನಿಗದಿಪಡಿಸುತ್ತಾರೆ. ಮೂರು ನಿಮಿಷ ಸಿಗಬಹುದು. ಸಾಲು ಉದ್ದವಿದ್ದರೆ ಒಂದೇ ನಿಮಿಷಕ್ಕೆ ಇಳಿಯಬಹುದು. ಆದ್ದರಿಂದ ಒಂದು ನಿಮಿಷದ ಮಾತನ್ನೇ ಬರೆದುಕೊಂಡು ಹೋಗಿ: ಸಂಖ್ಯೆ, ಬೇಡಿಕೆ, ಒಂದು ಕಾರಣ. ವಂದನೆ, ಪರಿಚಯ, ಮಂಡಳಿಯ ಗುಣಗಾನದಲ್ಲೇ ಅರ್ಧ ನಿಮಿಷ ಕಳೆಯುವುದು ನಮ್ಮವರ ರೂಢಿ. ವೇದಿಕೆಯ ಭಾಷಣದ ಆ ಚಾಳಿ ಇಲ್ಲಿ ನಡೆಯದು, ಗಡಿಯಾರ ನಿಮ್ಮ ಎದುರಿಗೇ ಓಡುತ್ತಿರುತ್ತದೆ.

ಮಗಳ ಮನೆಗೆಂದು ಆರು ತಿಂಗಳಿಗೆ ಬಂದ ಅಜ್ಜಿಯೂ ಮಾತನಾಡಬಹುದು, ಅದೂ ಕನ್ನಡದಲ್ಲಿ. ದುಭಾಷಿಯ ನೆರವಿನಿಂದ ಮಾತನಾಡುವವರಿಗೆ ಉಳಿದವರಿಗಿಂತ ಕನಿಷ್ಠ ಎರಡರಷ್ಟು ಸಮಯ ಕೊಡಬೇಕೆಂದು ಕಾನೂನೇ ಹೇಳುತ್ತದೆ. ಮಾತನಾಡುತ್ತಿರುವಂತೆಯೇ ಅನುವಾದವಾಗುವ ಉಪಕರಣವಿದ್ದರೆ ಮಾತ್ರ ಈ ರಿಯಾಯಿತಿ ಇಲ್ಲ. ಮಂಡಳಿಯ ನೀತಿಯನ್ನು ಟೀಕಿಸಿದರೆಂಬ ಕಾರಣಕ್ಕೆ ಯಾರ ಬಾಯಿಯನ್ನೂ ಮುಚ್ಚಿಸುವಂತಿಲ್ಲ.

ಕಾರ್ಯಸೂಚಿಯಲ್ಲಿ ಇಲ್ಲದ ಸಂಗತಿಗೂ ಪ್ರತ್ಯೇಕ ಸಮಯ ಉಂಟು. ಅಲ್ಲಿ ಅಹವಾಲು ಹೇಳಿ ಮುಗಿಸಿದ ಮೇಲೆ ಐವರೂ ಸುಮ್ಮನೆ ಕುಳಿತಿದ್ದರೆ ಅವಮಾನವೆಂದು ತಿಳಿಯಬೇಡಿ. ಪಟ್ಟಿಯಲ್ಲಿಲ್ಲದ ವಿಷಯದ ಚರ್ಚೆಗೆ ಕಾಯ್ದೆಯ ತಡೆ ಇದೆ. ಚುಟುಕು ಉತ್ತರ ಕೊಡಬಹುದು, ಇಲ್ಲವೇ ಸಿಬ್ಬಂದಿಗೆ ಒಪ್ಪಿಸಬಹುದು, ಅಷ್ಟೇ. ಕಟ್ಟಿನಲ್ಲಿರುವ ವಿಷಯ ಪ್ರತ್ಯೇಕವಾಗಿ ಚರ್ಚೆಯಾಗಬೇಕೆಂದಿದ್ದರೆ ಸೋಮವಾರವೇ ನಿಮ್ಮ ಕ್ಷೇತ್ರದ ಸದಸ್ಯರ ಕಚೇರಿಗೆ ಇಮೇಲ್ ಕಳುಹಿಸಿ, ಅದನ್ನು ಹೊರತೆಗೆಯುವಂತೆ ಕೇಳಿ. ನನ್ನ ಮಟ್ಟಿಗೆ ಮೈಕಿನ ಮುಂದಿನ ಒಂದು ನಿಮಿಷಕ್ಕಿಂತ ಈ ಇಮೇಲೇ ಹೆಚ್ಚು ಕೆಲಸದ್ದು.

ಮಂಗಳವಾರ ತಪ್ಪಿಹೋದರೆ? ವಿಷಯ ಆರ್ಡಿನೆನ್ಸ್ ಆಗಿದ್ದರೆ ಇನ್ನೂ ಕಾಲ ಮಿಂಚಿಲ್ಲ. ಇಲ್ಲಿ ಆರ್ಡಿನೆನ್ಸ್ ಎಂದರೆ ನಮ್ಮ ಸುಗ್ರೀವಾಜ್ಞೆಯಲ್ಲ, ಕೌಂಟಿಯ ಮಾಮೂಲಿ ಕಾನೂನು. ತುರ್ತಿನದ್ದಲ್ಲದಿದ್ದರೆ ಅದನ್ನು ಮಂಡಿಸಿದ ದಿನವೇ ಅಂಗೀಕರಿಸುವಂತಿಲ್ಲ, ಕನಿಷ್ಠ ಐದು ದಿನ ಕಳೆದು ಮತ್ತೊಮ್ಮೆ ಮಂಡಳಿಯ ಮುಂದೆ ತರಬೇಕು. ಆ ಎರಡನೆಯ ಸಲ ಅದು ಎಲ್ಲಿ ಅಡಗಿರುತ್ತದೆ ಎನ್ನುತ್ತೀರಿ? ಸಾಮಾನ್ಯವಾಗಿ ಅದೇ ಕನ್ಸೆಂಟ್ ಕ್ಯಾಲೆಂಡರಿನಲ್ಲಿ.