ಹಾರ್ಡ್ ಡಿಸ್ಕ್ ಕೆಟ್ಟಿದೆಯೋ, ಕೇಬಲ್ ಕೆಟ್ಟಿದೆಯೋ?

ರಾಜಾಜಿನಗರದ ಬಂಧುಗಳೊಬ್ಬರ ಮನೆಯ ಡೆಸ್ಕ್‌ಟಾಪ್ ಕಳೆದ ಮಳೆಗಾಲದಲ್ಲಿ ದಿನಕ್ಕೆ ಎರಡು ಮೂರು ಬಾರಿ ಕಲ್ಲಿನಂತೆ ನಿಂತುಬಿಡುತ್ತಿತ್ತು. ಹತ್ತಿರದ ರಿಪೇರಿ ಅಂಗಡಿಯವರು ಪೆಟ್ಟಿಗೆಯನ್ನು ತೆರೆಯುವ ಮುಂಚೆಯೇ ‘ಹಾರ್ಡ್ ಡಿಸ್ಕ್ ಹೋಗಿದೆ, ಹೊಸದು ಹಾಕಿಸಿ’ ಎಂದು ತೀರ್ಪು ಕೊಟ್ಟಿದ್ದರು. ಪಕ್ಕದ ತಗಡನ್ನು ಬಿಚ್ಚಿ ನೋಡಿದರೆ, ಡಿಸ್ಕಿನಿಂದ ಮದರ್‌ಬೋರ್ಡಿಗೆ ಹೋಗುವ ಕೆಂಪು ಸಾಟಾ ಕೇಬಲ್ ತಗಡಿನ ಅಂಚಿಗೆ ಸಿಕ್ಕಿ, ಮಡಚಿಟ್ಟ ಕಾಗದಕ್ಕೆ ಬೀಳುವಂತಹ ಗೆರೆ ಅದರ ಮೇಲೆ ಬಿದ್ದಿತ್ತು. ಎಸ್‌.ಪಿ. ರಸ್ತೆಯಿಂದ ತಂದ ಹೊಸ ಕೇಬಲ್ ಹಾಕಿದ ಮೇಲೆ ಅದೇ ಡಿಸ್ಕ್ ಇಂದಿಗೂ ತಕರಾರಿಲ್ಲದೆ ಓಡುತ್ತಿದೆ.

ಹಾರ್ಡ್ ಡಿಸ್ಕಿನ ವಿಷಯದಲ್ಲಿ ‘ರಿಪೇರಿ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಡಿಸ್ಕಿನ ಹೊರಗಿರುವ ಕೇಬಲ್, ವಿದ್ಯುತ್ ಸರಬರಾಜು, ಯುಎಸ್‌ಬಿ ಪೆಟ್ಟಿಗೆ, ಹಾಗೆಯೇ ಯಾವ ಫೈಲ್ ಎಲ್ಲಿದೆ ಎಂಬ ಲೆಕ್ಕವಿಡುವ ಫೈಲ್ ವ್ಯವಸ್ಥೆ ಇವೆಲ್ಲವೂ ನಿಜವಾಗಿಯೂ ದುರಸ್ತಿಯಾಗುತ್ತವೆ. ಮುಚ್ಚಳದ ಒಳಗಿನ ಮಾಹಿತಿ ಹೊತ್ತ ತಟ್ಟೆ, ಅದನ್ನು ಓದುವ ಹೆಡ್, ತಿರುಗಿಸುವ ಮೋಟಾರುಗಳು ಕೆಟ್ಟರೆ ಮತ್ತೆ ನಂಬಿ ಬಳಸಬಹುದಾದ ಡಿಸ್ಕ್ ಎಂದಿಗೂ ಸಿಗುವುದಿಲ್ಲ. ಹೆಚ್ಚೆಂದರೆ ಅದರಲ್ಲಿದ್ದ ಮಾಹಿತಿ ಸಿಗಬಹುದು. ಆದ್ದರಿಂದ ಪರೀಕ್ಷೆ ಹೊರಗಿನಿಂದ ಶುರುವಾಗಿ ಒಳಕ್ಕೆ ಸಾಗಬೇಕು. ಅದಕ್ಕೂ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ನಿಮಗೆ ಬೇಕಾಗಿರುವುದು ಡಿಸ್ಕೋ, ಅದರೊಳಗಿನ ಫೋಟೊ, ದಾಖಲೆಗಳೋ? ಎರಡನೆಯದಾದರೆ, ಬೇರೆಲ್ಲಿಯೂ ಪ್ರತಿ ಇಲ್ಲದಿದ್ದರೆ, ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲೂ ಕೈ ಹಿಂದಿರಬೇಕು.

ಕಿವಿಗೊಟ್ಟು ಕೇಳಿ

ಹಾರ್ಡ್ ಡಿಸ್ಕಿನೊಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಹೆಡ್ ಅವುಗಳನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಹೋಲಿಕೆಗೆ, ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಇಂತಹ ಯಂತ್ರ ತನ್ನ ಆರೋಗ್ಯವನ್ನು ಸದ್ದಿನಲ್ಲೇ ಬಹಳಷ್ಟು ಹೇಳಿಬಿಡುತ್ತದೆ. ಫ್ಯಾನು, ಟಿ.ವಿ. ಎಲ್ಲ ನಿಲ್ಲಿಸಿ, ಡಿಸ್ಕಿನ ಮೇಲೆ ಎರಡು ಬೆರಳಿಟ್ಟು ಸ್ವಿಚ್ ಹಾಕಿ. ಆರೋಗ್ಯವಂತ ಡಿಸ್ಕಿನಲ್ಲಿ ಮೊದಲು ಏರುತ್ತ ಹೋಗುವ ಝೇಂಕಾರ, ಆಮೇಲೆ ಹೆಡ್ ಹೊರಬರುವ ಒಂದು ಸಣ್ಣ ‘ಟಿಕ್’, ನಂತರ ಓದುವಾಗಿನ ಮೆಲುವಾದ ಕಟಕಟ ಕೇಳಿಸುತ್ತದೆ.

ಗಡಿಯಾರದಂತೆ ಒಂದೇ ಲಯದಲ್ಲಿ ‘ಟಕ್... ಟಕ್... ಟಕ್’ ಎಂದು ಬಡಿದು, ಕೊನೆಗೆ ಸೋತಂತೆ ತಿರುಗುವುದನ್ನೇ ನಿಲ್ಲಿಸಿದರೆ, ಹೆಡ್ ತನ್ನ ಜಾಗವನ್ನು ಗುರುತಿಸಲಾಗದೆ ಹಿಂದಕ್ಕೂ ಮುಂದಕ್ಕೂ ಹುಡುಕುತ್ತಿದೆ ಎಂದರ್ಥ. ‘ಗುಂಯ್’ ಎಂದು ಕ್ಷೀಣವಾಗಿ ಕೂಗಿ ತಟ್ಟೆ ತಿರುಗದೇ ಇದ್ದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು ಅಥವಾ ಮೋಟಾರು ಬಿಗಿಹಿಡಿದಿರಬಹುದು. ಉಜ್ಜಿದಂತೆ, ಗೀರಿದಂತೆ ಸದ್ದು ಬಂದರೆ ಆ ಕ್ಷಣವೇ ವಿದ್ಯುತ್ ತೆಗೆಯಿರಿ, ಏಕೆಂದರೆ ಅಲ್ಲಿ ಸವೆಯುತ್ತಿರುವುದು ನಿಮ್ಮ ಮಾಹಿತಿಯನ್ನು ಹೊತ್ತ ಲೇಪನವೇ.

ಇಲ್ಲಿ ಒಂದು ಮೋಸವಿದೆ. ಸಾಕಷ್ಟು ವಿದ್ಯುತ್ ಸಿಗದ ಡಿಸ್ಕ್ ಕೂಡ ಹೆಡ್ ಕೆಟ್ಟ ಡಿಸ್ಕಿನಂತೆಯೇ ಟಿಕ್ ಟಿಕ್ ಎನ್ನುತ್ತದೆ: ತಿರುಗಲು ಹೊರಡುತ್ತದೆ, ಶಕ್ತಿ ಸಾಲದೆ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಜೇಬಿಗೆ ಹಾಕಿಕೊಳ್ಳುವ 2.5 ಇಂಚಿನ ಪೋರ್ಟಬಲ್ ಡಿಸ್ಕುಗಳಲ್ಲಿ ಇದು ತೀರಾ ಸಾಮಾನ್ಯ. ಹಳೆಯ ಯುಎಸ್‌ಬಿ 2 ಕಿಂಡಿ ಕೊಡಬೇಕಾದದ್ದು 500 ಮಿಲಿಆಂಪ್, ಯುಎಸ್‌ಬಿ 3 ಕಿಂಡಿ 900. ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಡಿಸ್ಕ್ ಅದಕ್ಕಿಂತ ಹೆಚ್ಚನ್ನೂ ಬೇಡಬಹುದು. ಉದ್ದನೆಯ, ಅಗ್ಗದ ಕೇಬಲ್ ಇದ್ದರಂತೂ ಮುಗಿಯಿತು. ಗಿಡ್ಡನೆಯ ಒಳ್ಳೆಯ ಕೇಬಲ್ ತೆಗೆದುಕೊಂಡು, ಹಬ್ ಅಥವಾ ಮುಂಭಾಗದ ಕಿಂಡಿಯನ್ನು ಬಿಟ್ಟು, ಡೆಸ್ಕ್‌ಟಾಪಿನ ಹಿಂಭಾಗದಲ್ಲಿ ಮದರ್‌ಬೋರ್ಡಿಗೇ ಅಂಟಿದ ಕಿಂಡಿಗೆ ಒಮ್ಮೆ ಚುಚ್ಚಿ ನೋಡಿ. ಒಮ್ಮೆ ಸಾಕು. ಸದ್ದು ಹಾಗೆಯೇ ಮುಂದುವರಿದರೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಅಲ್ಲಿಗೇ ಮುಗಿಯಿತು.

ಯಾವ ಸದ್ದೂ ಇಲ್ಲದಿದ್ದರೆ

ಪೂರ್ತಿ ನಿಶ್ಶಬ್ದ ಎಂದಾಗ ಜನ ಹೆಚ್ಚು ಹೆದರುತ್ತಾರೆ. ನನ್ನ ಅನುಭವದಲ್ಲಿ ಅದು ಟಕ್ ಟಕ್ ಸದ್ದಿಗಿಂತ ಆಶಾದಾಯಕ ಲಕ್ಷಣ, ಏಕೆಂದರೆ ದೋಷ ಬಹುಮಟ್ಟಿಗೆ ಡಿಸ್ಕಿನ ಹೊರಮೈಗೆ ಅಂಟಿದ ಹಸಿರು ಸರ್ಕ್ಯೂಟ್ ಬೋರ್ಡಿನಲ್ಲೋ ವಿದ್ಯುತ್ ಸರಬರಾಜಿನಲ್ಲೋ ಇರುತ್ತದೆ. ಮೇಜಿನ ಮೇಲಿಡುವ 3.5 ಇಂಚಿನ ಡಿಸ್ಕಿಗೆ 12 ವೋಲ್ಟ್ ಮತ್ತು 5 ವೋಲ್ಟ್ ಎರಡೂ ಬೇಕು. ಅದರ ಅಡಾಪ್ಟರ್ ಸೋತಿದ್ದರೆ ಡಿಸ್ಕ್ ಉಸಿರೆತ್ತುವುದಿಲ್ಲ. ಡೆಸ್ಕ್‌ಟಾಪಿನಲ್ಲಾದರೆ ಪವರ್ ಸಪ್ಲೈಯಿಂದ ಬರುವ ಬೇರೊಂದು ಸಾಟಾ ಪ್ಲಗ್ಗನ್ನು ಹಾಕಿ ನೋಡಬೇಕು.

ಒಮ್ಮೆ ಗೆಳೆಯರೊಬ್ಬರು ಕತ್ತಲಲ್ಲಿ ತಡಕಾಡಿ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರನ್ನು 12 ವೋಲ್ಟಿನ ಹೊರಡಿಸ್ಕಿಗೆ ಚುಚ್ಚಿಬಿಟ್ಟರು. ಎರಡರ ದುಂಡನೆಯ ಪಿನ್ನೂ ಒಂದೇ ಅಳತೆಯದಾಗಿತ್ತು. ಸಣ್ಣದೊಂದು ‘ಚಟ್’, ಸುಟ್ಟ ವಾಸನೆ, ಆಮೇಲೆ ಮೌನ. ಇಂತಹ ಹೊತ್ತಿಗೆಂದೇ ಬೋರ್ಡಿನ ಮೇಲೆ ಟಿವಿಎಸ್ ಡಯೋಡ್ ಎಂಬ ಕಾವಲುಗಾರ ಇರುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಅದು ತಾನು ಶಾರ್ಟ್ ಆಗಿ ಸತ್ತು ಉಳಿದ ಬೋರ್ಡನ್ನು ಕಾಪಾಡುತ್ತದೆ. ಕೈ ಪಳಗಿದ ತಂತ್ರಜ್ಞರು ಮಲ್ಟಿಮೀಟರಿನಿಂದ ಅದನ್ನು ಗುರುತಿಸಿ ಬದಲಿಸಿದರೆ, ಬೇರೇನೂ ಸುಡದಿದ್ದ ಪಕ್ಷದಲ್ಲಿ ಡಿಸ್ಕ್ ಎದ್ದು ಕೂರುತ್ತದೆ. ಗೆಳೆಯರ ಡಿಸ್ಕ್ ಹಾಗೆಯೇ ಎದ್ದಿತು.

ಅದೇ ಮಾದರಿಯ ಇನ್ನೊಂದು ಡಿಸ್ಕಿನಿಂದ ಬೋರ್ಡ್ ಬಿಚ್ಚಿ ಹಾಕಿದರಾಯಿತು ಎಂಬ ಸಲಹೆ ಬಹಳ ಹಳೆಯ ಕಾಲದ್ದು. ಈಗಿನ ಡಿಸ್ಕುಗಳಲ್ಲಿ ಆ ಡಿಸ್ಕಿನ ಹೆಡ್‌ಗಳಿಗಷ್ಟೇ ಹೊಂದುವ ಅಳತೆಗಳನ್ನು ಬೋರ್ಡಿನ ಮೇಲಿನ, ಕರೆಂಟ್ ಹೋದರೂ ಬರಹ ಅಳಿಯದ ರೋಮ್ ಚಿಪ್ಪಿನಲ್ಲಿ ಬರೆದಿರುತ್ತಾರೆ. ಸಾಮಾನ್ಯವಾಗಿ ಎಂಟು ಕಾಲಿನ ಆ ಚಿಪ್ಪನ್ನು ಹಳೆಯ ಬೋರ್ಡಿನಿಂದ ಹೊಸದಕ್ಕೆ ಬೆಸುಗೆ ಹಾಕಿ ವರ್ಗಾಯಿಸದಿದ್ದರೆ ಬದಲಿ ಬೋರ್ಡ್ ಕೆಲಸಕ್ಕೆ ಬಾರದು.

ಕಂಪ್ಯೂಟರ್ ಏನು ಹೇಳುತ್ತದೆ?

ಡಿಸ್ಕ್ ಸಹಜವಾಗಿ ತಿರುಗುತ್ತಿದ್ದರೆ ಮುಂದಿನ ಸಾಕ್ಷಿ ಬಯಾಸ್ ಪರದೆ, ಅಂದರೆ ವಿಂಡೋಸ್ ಶುರುವಾಗುವ ಮುಂಚೆ ತೆರೆಯಬಹುದಾದ ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಪುಟ. ಅಲ್ಲಿ ಡಿಸ್ಕಿನ ಪೂರ್ಣ ಹೆಸರು ಮತ್ತು ಸರಿಯಾದ ಸಾಮರ್ಥ್ಯ ಕಾಣಬೇಕು. ಹೆಸರು ಅರ್ಥವಿಲ್ಲದ ಅಕ್ಷರಗಳಾಗಿದ್ದರೆ, 1 ಟೆರಾಬೈಟ್ ಇರಬೇಕಾದಲ್ಲಿ ಸೊನ್ನೆ ತೋರಿಸಿದರೆ, ತಟ್ಟೆಯ ಮೇಲೆಯೇ ಬರೆದಿಟ್ಟ ಡಿಸ್ಕಿನ ಆಂತರಿಕ ತಂತ್ರಾಂಶವನ್ನು ಅದು ಓದಲಾಗುತ್ತಿಲ್ಲ. ಇದು ಪ್ರಯೋಗಾಲಯದ ಕೆಲಸ.

ಬಯಾಸ್‌ನಲ್ಲಿ ಸರಿಯಿದ್ದು, ವಿಂಡೋಸ್ ಮಾತ್ರ ‘ಬಳಸುವ ಮೊದಲು ಫಾರ್ಮ್ಯಾಟ್ ಮಾಡಿ’ ಎಂದು ಕೇಳಿದರೆ, ಅಥವಾ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ರಾ’, ಅಂದರೆ ವಿಂಡೋಸ್ ಗುರುತಿಸಲಾರದ್ದು, ಎಂದು ತೋರಿಸಿದರೆ, ಅದು ಫೈಲ್ ವ್ಯವಸ್ಥೆಯ ಹಾನಿಯಷ್ಟೇ ಇರಬಹುದು. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ, ಪೋರ್ಟಬಲ್ ಡಿಸ್ಕನ್ನು ಹಾಗೆಯೇ ಕಿತ್ತರೆ ಇಂಥದ್ದು ಆಗುತ್ತದೆ. ಫಾರ್ಮ್ಯಾಟ್, ಇನಿಶಿಯಲೈಸ್ ಎಂಬ ಯಾವ ಗುಂಡಿಯನ್ನೂ ಈಗ ಒತ್ತಬೇಡಿ. ಕಂಪ್ಯೂಟರ್ ಶುರುವಾಗುವಾಗ ತಾನಾಗಿಯೇ, ಫೈಲ್ ವ್ಯವಸ್ಥೆಯ ತಪ್ಪು ಹುಡುಕಿ ತಿದ್ದುವ ವಿಂಡೋಸಿನ ಉಪಕರಣವಾದ ಚೆಕ್‌ಡಿಸ್ಕ್ ಓಡಿಸಲು ಹೊರಟರೆ ಕೀಲಿ ಒತ್ತಿ ತಡೆಯಿರಿ. ಆರೋಗ್ಯವಂತ ಡಿಸ್ಕಿಗೆ ಚೆಕ್‌ಡಿಸ್ಕ್ ಒಳ್ಳೆಯ ಔಷಧ; ತಟ್ಟೆಯೇ ಹಾಳಾಗುತ್ತಿರುವ ಡಿಸ್ಕಿಗೆ ಅದು ಗಂಟೆಗಟ್ಟಲೆ ದುಡಿಮೆ, ಜೊತೆಗೆ ಓದಲಾಗದ ಫೈಲುಗಳ ಕೊಂಡಿಗಳನ್ನು ಕತ್ತರಿಸಿಹಾಕುವ ಅಪಾಯ. ಇವೆರಡರಲ್ಲಿ ನಿಮ್ಮದು ಯಾವುದು ಎಂದು ತಿಳಿಯಲು ಸ್ಮಾರ್ಟ್ ವರದಿಯನ್ನು ಓದಬೇಕು.

ಐದು ಅಂಕಿಗಳ ಜಾತಕ

ಡಿಸ್ಕ್ ತನ್ನ ಕಾಯಿಲೆಗಳ ಲೆಕ್ಕವನ್ನು ತಾನೇ ಇಟ್ಟುಕೊಳ್ಳುವ ವ್ಯವಸ್ಥೆಗೆ ಸ್ಮಾರ್ಟ್ ಎಂದು ಹೆಸರು. ವಿಂಡೋಸಿನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ, ಲಿನಕ್ಸಿನ ಉಬುಂಟುವಿನಲ್ಲಿ ಡಿಸ್ಕ್ಸ್ ಅಥವಾ ಸ್ಮಾರ್ಟ್‌ಸಿಟಿಎಲ್ ಇದನ್ನು ತೋರಿಸುತ್ತವೆ. ಉದ್ದದ ಪಟ್ಟಿಯನ್ನು ಕಂಡು ಗಾಬರಿಯಾಗಬೇಕಿಲ್ಲ. ‘ರಾ’, ಅಂದರೆ ಮೂಲ ಎಣಿಕೆಯ ಅಂಕಣದಲ್ಲಿ ನಾಲ್ಕೈದು ಸಾಲುಗಳನ್ನು ನೋಡಿದರೆ ಸಾಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಈ ಅಂಕಿಗಳನ್ನು ಹದಿನಾರರ ಲೆಕ್ಕದಲ್ಲಿ ತೋರಿಸುವುದರಿಂದ ಅಲ್ಲಿ 10 ಎಂದು ಕಂಡರೆ ಅದು ನಮ್ಮ 16. ಆಯ್ಕೆಗಳಲ್ಲಿ ಹತ್ತರ ಲೆಕ್ಕಕ್ಕೆ ಬದಲಿಸಿಕೊಳ್ಳಬಹುದು.

05 ಎಂಬ ಗುರುತಿನ 5ನೇ ಸಾಲು, ಕೆಟ್ಟ ಸೆಕ್ಟರುಗಳನ್ನು, ಅಂದರೆ ತಟ್ಟೆಯ ಮೇಲಿನ ಮಾಹಿತಿಯ ಪುಟ್ಟ ಮನೆಗಳನ್ನು, ಬಿಟ್ಟು ಮೀಸಲು ಜಾಗಕ್ಕೆ ಎಷ್ಟು ಬಾರಿ ಸ್ಥಳಾಂತರ ಮಾಡಿದೆ ಎಂಬ ಲೆಕ್ಕ. ಸಿ5, ಅಂದರೆ 197, ಓದಲು ತಿಣುಕುತ್ತಿರುವ, ಇನ್ನೂ ತೀರ್ಮಾನವಾಗದ ಸೆಕ್ಟರುಗಳು. ಸಿ6, ಅಂದರೆ 198, ಸ್ವಯಂಪರೀಕ್ಷೆಯಲ್ಲೂ ಸರಿಪಡಿಸಲಾಗದವು. ಈ ಮೂರೂ ಸೊನ್ನೆಯಿರಬೇಕು. 5ನೇ ಸಾಲಿನಲ್ಲಿ 8 ಇದ್ದು ಎರಡು ವರ್ಷವಾದರೂ 8 ಆಗಿಯೇ ಉಳಿದ ಡಿಸ್ಕನ್ನು ನಾನು ಸಿನಿಮಾ ಹಾಕಿಡಲು ಬಳಸುತ್ತೇನೆ. ಆದರೆ ಈ ವಾರ 8, ಮುಂದಿನ ವಾರ 40 ಎಂದು ಏರುವ ಡಿಸ್ಕಿನಲ್ಲಿ ಏನನ್ನೂ ಇಡಲಾರೆ. 0ಎ, ಅಂದರೆ 10ನೇ ಸಾಲು, ಮೋಟಾರು ತಿರುಗಲು ಮರುಪ್ರಯತ್ನ ಮಾಡಿದ ಲೆಕ್ಕ, ಅದೂ ಏರಬಾರದು.

ರಾಜಾಜಿನಗರದ ಡಿಸ್ಕಿನ ಗುಟ್ಟು ಇದ್ದದ್ದು ಸಿ7ರಲ್ಲಿ, ಅಂದರೆ 199ನೇ ಸಾಲಿನಲ್ಲಿ. ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವೆ ಸಾಗುವಾಗ ಮಾಹಿತಿ ಕೆಟ್ಟ ಸಂದರ್ಭಗಳನ್ನು ಅದು ಎಣಿಸುತ್ತದೆ. ಉಳಿದೆಲ್ಲ ಸೊನ್ನೆಯಿದ್ದು ಅದೊಂದೇ ನೂರಾರಕ್ಕೆ ಏರಿದ್ದರೆ ಬೆರಳು ತೋರಬೇಕಾದದ್ದು ಕೇಬಲ್ ಕಡೆಗೆ. ಕೇಬಲ್ ಬದಲಿಸಿದರೂ ಆ ಅಂಕಿ ಕೆಳಗಿಳಿಯುವುದಿಲ್ಲ ಎಂಬುದು ನೆನಪಿರಲಿ. ಬರೆದಿಟ್ಟುಕೊಂಡು, ಒಂದು ವಾರದ ನಂತರ ಮತ್ತೆ ಏರಿದೆಯೇ ಎಂದು ನೋಡಬೇಕು.

ಮಾಹಿತಿಯ ಪ್ರತಿ ಕೈಯಲ್ಲಿದ್ದರೆ ಮಾತ್ರ ಸ್ಮಾರ್ಟ್‌ನ ದೀರ್ಘ ಪರೀಕ್ಷೆಯನ್ನೂ ಓಡಿಸಬಹುದು. ಅದು ಇಡೀ ಮೇಲ್ಮೈಯನ್ನು ಓದುವುದರಿಂದ 1 ಟೆರಾಬೈಟಿನ ಡಿಸ್ಕಿಗೆ ಎರಡು ಮೂರು ಗಂಟೆ ಹಿಡಿಯುತ್ತದೆ. ಇಷ್ಟಾದರೂ ‘ಗುಡ್’ ಎಂಬ ನೀಲಿ ಚೌಕವನ್ನು ಕಣ್ಣುಮುಚ್ಚಿ ನಂಬಬಾರದು. 2007ರಲ್ಲಿ ಗೂಗಲ್ ಎಂಜಿನಿಯರುಗಳು ತಮ್ಮಲ್ಲಿನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನವನ್ನು ಪ್ರಕಟಿಸಿದಾಗ, ಕೆಟ್ಟುಹೋದ ಡಿಸ್ಕುಗಳಲ್ಲಿ ಶೇ 36ಕ್ಕೂ ಹೆಚ್ಚಿನವು ಉಷ್ಣತೆಯೊಂದನ್ನು ಬಿಟ್ಟು ಬೇರಾವ ಸ್ಮಾರ್ಟ್ ಸೂಚನೆಯನ್ನೂ ಕೊಡದೆಯೇ ಸತ್ತಿದ್ದವು. ಅದೇ ಅಧ್ಯಯನದ ಪ್ರಕಾರ, ಮೇಲ್ಮೈ ತಪಾಸಣೆಯಲ್ಲಿ ಮೊದಲ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ದೋಷವಿಲ್ಲದ್ದಕ್ಕಿಂತ 39 ಪಟ್ಟು ಹೆಚ್ಚು. ಕೆಟ್ಟ ಸುದ್ದಿ ಬಂದರೆ ನಂಬಿ, ಒಳ್ಳೆಯ ಸುದ್ದಿಗೆ ಮಾತ್ರ ಸ್ವಲ್ಪ ಅನುಮಾನವಿರಲಿ.

ಎಸ್‌ಎಸ್‌ಡಿಗಳಿಗೆ ಈ ಸದ್ದುಗದ್ದಲದ ಪರೀಕ್ಷೆ ಅನ್ವಯಿಸದು, ಅವುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ, ಮಾಹಿತಿ ಇರುವುದು ಚಿಪ್ಪುಗಳಲ್ಲಿ. ಅವು ಮಾತಾಡದೆ ಒಂದು ಬೆಳಿಗ್ಗೆ ಕಾಣೆಯಾಗಿಬಿಡುತ್ತವೆ.

ನಕಲು ಮೊದಲು, ದುರಸ್ತಿ ಆಮೇಲೆ

ಡಿಸ್ಕ್ ನಿಧಾನವಾಗಿಯಾದರೂ ಓದಲು ಸಿಗುತ್ತಿದ್ದರೆ, ಮೊದಲು ಬೇಕೇಬೇಕಾದ ಚಿಕ್ಕ ಫೈಲುಗಳನ್ನು ಬೇರೆ ಡಿಸ್ಕಿಗೆ ಇಳಿಸಿಕೊಳ್ಳಿ. ಸಿ5 ಏರುತ್ತಿದ್ದರೆ ಸಾಮಾನ್ಯ ಕಾಪಿ ಮೊದಲ ಕೆಟ್ಟ ಸೆಕ್ಟರಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅಂಥಲ್ಲಿ ಲಿನಕ್ಸಿನ ಗ್ನೂ ಡಿಡಿರೆಸ್ಕ್ಯೂ ಉಪಯುಕ್ತ: ಅದು ಸುಲಭವಾಗಿ ಸಿಗುವ ಭಾಗಗಳನ್ನೆಲ್ಲ ಮೊದಲು ಬಾಚಿಕೊಂಡು, ಹಟಮಾರಿ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ, ಎಲ್ಲಿಯವರೆಗೆ ಆಯಿತೆಂದು ನಕ್ಷೆಯ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಬಹುದು. ನಕಲು ಹೋಗುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಯಾವುದು ಮೂಲ, ಯಾವುದು ಗುರಿ ಎಂದು ಡಿಸ್ಕಿನ ಸೀರಿಯಲ್ ಸಂಖ್ಯೆ ಹಿಡಿದು ಎರಡು ಬಾರಿ ನೋಡಿ. ಅದಲುಬದಲಾದರೆ ಖಾಲಿ ಡಿಸ್ಕ್ ನಿಮ್ಮ ಫೋಟೊಗಳ ಮೇಲೆ ಬರೆದುಹೋಗುತ್ತದೆ. ಟೆಸ್ಟ್‌ಡಿಸ್ಕ್, ಫೋಟೊರೆಕ್, ಚೆಕ್‌ಡಿಸ್ಕ್ ಹೀಗೆ ಫೈಲು ಹುಡುಕುವ, ತಿದ್ದುವ ತಂತ್ರಾಂಶ ಏನೇ ಓಡಿಸುವುದಿದ್ದರೂ ಆ ನಕಲಿನ ಮೇಲೆ.

‘ಬ್ಯಾಡ್ ಸೆಕ್ಟರ್ ತೆಗೆದುಕೊಡುತ್ತೇವೆ’ ಎಂಬ ಫಲಕ ಪೇಟೆಯಲ್ಲಿ ಕಾಣಸಿಗುತ್ತದೆ. ಅವರು ಮಾಡುವುದು ಇಷ್ಟೇ: ಇಡೀ ಡಿಸ್ಕಿಗೆ ಸೊನ್ನೆ ಬರೆಯುತ್ತಾರೆ, ಆಗ ಡಿಸ್ಕ್ ಕೆಟ್ಟ ಸೆಕ್ಟರುಗಳ ಬದಲಿಗೆ ಮೀಸಲು ಸೆಕ್ಟರುಗಳನ್ನು ಬಳಸಿಕೊಳ್ಳುತ್ತದೆ, ಸಿ5 ಸೊನ್ನೆಗಿಳಿಯುತ್ತದೆ. ಮಾಹಿತಿ ಹೋಯಿತು, ತಟ್ಟೆಯ ಗಾಯ ಇದ್ದಲ್ಲೇ ಇದೆ.

ಮುಚ್ಚಳವನ್ನು ಮಾತ್ರ ಮನೆಯಲ್ಲಾಗಲಿ ಅಂಗಡಿಯ ಕೌಂಟರಿನಲ್ಲಾಗಲಿ ಬಿಚ್ಚಬಾರದು. ಮೆಟ್ರೊ ಕಾಮಗಾರಿಯ ಪಕ್ಕದ ಕಿಟಕಿಯಲ್ಲಿ ಸಂಜೆಯೊಳಗೆ ಕೂರುವ ದೂಳಿನ ಒಂದು ಕಣ, ಹೆಡ್ಡಿಗೂ ತಟ್ಟೆಗೂ ನಡುವಿನ ಅಂತರಕ್ಕೆ ಹೋಲಿಸಿದರೆ ಬಂಡೆಗಲ್ಲು. ಹೆಡ್ ಬದಲಿಸುವ ಕೆಲಸ ದೂಳುಮುಕ್ತ ಕೋಣೆಯಲ್ಲಿ ನಡೆಯಬೇಕು, ಅದೂ ಮಾಹಿತಿ ತೆಗೆಯುವಷ್ಟು ಕಾಲಕ್ಕೆ ಮಾತ್ರ. ಫ್ರೀಜರಿನಲ್ಲಿಟ್ಟರೆ ಸರಿಹೋಗುತ್ತದೆಂಬ ಮಾತನ್ನೂ ಮರೆತುಬಿಡಿ. ಹೊರತೆಗೆದಾಗ ತಟ್ಟೆಯ ಮೇಲೆ ತೇವ ಕೂರುತ್ತದೆ.

ವಾರಂಟಿಯಿದ್ದರೆ ಕಂಪನಿಯವರು ಬದಲಿ ಡಿಸ್ಕ್ ಕೊಡುತ್ತಾರೆ, ಹಳೆಯದು ಅವರಲ್ಲೇ ಉಳಿಯುತ್ತದೆ. ಆದ್ದರಿಂದ ಮಾಹಿತಿ ತೆಗೆಸುವುದಿದ್ದರೆ ಅದು ಮೊದಲು. ಲ್ಯಾಬಿಗೆ ಕೊಡುವಾಗ ಯಾವ ದಿನ ಏನಾಯಿತು, ಬಿದ್ದಿತ್ತೇ, ಎಂಥ ಸದ್ದು ಬಂತು, ಅಲ್ಲಿಯವರೆಗೆ ಏನೇನು ಮಾಡಿ ನೋಡಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ; ಹೊರಡಿಸ್ಕಾಗಿದ್ದರೆ ಅದರ ಪೆಟ್ಟಿಗೆ, ಬೋರ್ಡುಗಳನ್ನೂ ಎಸೆಯದೆ ಕೊಡಿ, ಏಕೆಂದರೆ ಕೆಲವು ಡಿಸ್ಕುಗಳ ಗೂಢಲಿಪಿಯ ಕೀಲಿ ಆ ಯುಎಸ್‌ಬಿ ಬೋರ್ಡಿನಲ್ಲೇ ಇರುತ್ತದೆ. ಡಿಸ್ಕನ್ನು ಆಂಟಿಸ್ಟ್ಯಾಟಿಕ್ ಚೀಲದಲ್ಲಿ ಹಾಕಿ, ಗುಳ್ಳೆಯ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಡದೆ ಮೈಗೆ ತಾಗುವ ಚೀಲದಲ್ಲಿಟ್ಟುಕೊಂಡು ಹೋಗಿ. ನಮ್ಮ ರಸ್ತೆಯ ಗುಂಡಿಗಳ ಪೆಟ್ಟನ್ನು ಡಿಕ್ಕಿಯ ತಗಡಿಗಿಂತ ನಿಮ್ಮ ಮೈ ಚೆನ್ನಾಗಿ ತಡೆಯುತ್ತದೆ.